ಸೋದರಮಾವನ ದಿಣ್ಣೆ

ಊರಿನ ಮೂಡಲಿಗೆ, ಎರೆಹೊಲಗಳ ನಡುವೆ ಎದ್ದು ನಿಂತಿರುವ ಸೋದರಮಾವನ ದಿಣ್ಣೆ ಮಾಘ ಕಳೆಯುತ್ತಲೇ ಕೆಂಪಾಗುತ್ತದೆ. ಎಲೆಯೆಲ್ಲ ಉದುರಿಸಿಕೊಂಡ ಹಾಲುವಾಣದ ಮರಗಳು ಮುಳ್ಳುಕೊಂಬೆಗಳ ತುದಿಯಲ್ಲಿ ಹೂ ಹೊತ್ತು ನಿಲ್ಲುತ್ತವೆ. ಗೊರವಂಕಗಳ ಗದ್ದಲ ಹೇಳತೀರದು. ಹಿಂದೆ ಒಮ್ಮೆ ಈ ದಿಣ್ಣೆಯ ಮೇಲೆ ಒಂಟಿ ಮನೆಯೊಂದಿತ್ತು. ಆ ಮನೆಯ ಮಗಳು ಬೊಮ್ಮಕ್ಕನ ಮದುವೆಗೆ ಹಾಲುಗಂಬ ತರುವ ಹೊಣೆ ಅವಳ ಸೋದರಮಾವ ಕಾಟಯ್ಯನದಾಗಿತ್ತು ಎನ್ನುತ್ತಾರೆ.

ಕಾಟಯ್ಯ ಎಲೆಬಳ್ಳಿ ತೋಟದವನು, ನಿದ್ದೆಯಲ್ಲಿ ಕುಂಭಕರ್ಣನ ತಮ್ಮ. ಹಂದರದ ಆ ಮೊದಲ ಕಂಬ ಹಳ್ಳದ ದಂಡೆಯ ಅತ್ತಿಯದೇ ಆಗಬೇಕೆಂಬುದು ಕುಲದ ಕಟ್ಟಳೆ. ಹಂದರ ಹಾಕುವ ದಿನ ಅವನು ಏಳುವಷ್ಟರಲ್ಲಿ ಹೊತ್ತು ಮೀರಿತ್ತು. ಹಳ್ಳದ ತನಕ ಯಾರು ಹೋಗಿ ಬಂದಾರು ಎಂದು, ಬಳ್ಳಿ ಹಬ್ಬಿಸಲು ತಾನು ಬೆಳೆಸಿದ್ದ ಹಾಲುವಾಣದ ಬೋಳು ಕೊಂಬೆಯೊಂದನ್ನು ಕಡಿದು ತಂದು ನೆಟ್ಟುಬಿಟ್ಟ. ನೆಂಟರು ನಕ್ಕರು. ಆದರೆ ಅರಿಸಿನದ ದಾರ ಕಟ್ಟಿದ ಮೇಲೆ ಕಂಬ ಬದಲಿಸುವಂತಿರಲಿಲ್ಲ.

ಅದೇ ಸಂಜೆ ಸುದ್ದಿ ಬಂತು: ಗಂಡಿನ ಊರಿಗೆ ಮಾರಿಬೇನೆ ಬಂದಿದೆ, ಸೀಮೆ ಕಟ್ಟಿದ್ದಾರೆ, ಮಾರಿಯಮ್ಮನನ್ನು ಸಾಗಹಾಕುವವರೆಗೆ ಯಾರೂ ಗಡಿ ದಾಟುವಂತಿಲ್ಲ. ಹಾಲುಗಂಬ ಒಣಗುವುದರೊಳಗೆ ಕೊರಳಿಗೆ ತಾಳಿ ಬೀಳದಿದ್ದರೆ ಆ ಹೆಣ್ಣಿಗೆ ಮತ್ತೆ ಹಂದರ ಹಾಕುತ್ತಿರಲಿಲ್ಲ. ಮಳೆ ಬಿದ್ದ ಮೇಲೆ ತೋಟದಲ್ಲಿ ನೆಟ್ಟ ಕೊಂಬೆ ಬೇರು ಹಿಡಿಯುವುದನ್ನು ಕಾಟಯ್ಯ ಬಲ್ಲ. ಈ ಸುಡುಬಿಸಿಲಿನ ದಿಣ್ಣೆಯಲ್ಲಿ ಅದು ಚಿಗುರುತ್ತದೆಂದು ಅವನಿಗೇ ನಂಬಿಕೆಯಿರಲಿಲ್ಲ. ತನ್ನ ಸೋಮಾರಿತನಕ್ಕೆ ಅಕ್ಕನ ಕೂಸಿನ ಬಾಳು ಹಾಳಾಯಿತಲ್ಲ ಎಂದು ಅತ್ತ. ಅಂದಿನಿಂದ ಕೋಳಿ ಕೂಗುವ ಮೊದಲೇ ಎದ್ದು ಕಂಬದ ಬುಡಕ್ಕೆ ನೀರು ಹೊತ್ತ. "ಒಣ ಕಟ್ಟಿಗೆಗೆ ನೀರು ಹೊಯ್ದ್ರೆ ಏನ್ ಬರ್ತೈತಲೇ ಕಾಟಾ?" ಎಂದು ಒಡಹುಟ್ಟಿದ ಅಕ್ಕನೇ ಹಂಗಿಸಿದಳು.

ಕಡೆಗೊಂದು ಬೆಳಗ್ಗೆ ಕುಲದ ಯಜಮಾನ ಓಬಳಜ್ಜ ದಾರ ಬಿಚ್ಚಿ ಮದುವೆ ಮುರಿಯಲೆಂದೇ ಬಂದ. ಉಗುರಿನಿಂದ ತೊಗಟೆ ಕೆರೆದ, ಒಳಗೆ ಹಸಿರು. ಮೇಲಿನ ಗೆಣ್ಣಿನಲ್ಲಿ ಜೋಳದ ಕಾಳಿನಷ್ಟು ಚಿಗುರು. "ಕಂಬ ಹಸಿ ಐತೆ. ಇದಿನ್ನೂ ಮದ್ವೆ ಮನೇನೇ," ಎಂದು ಕೈ ಒರೆಸಿಕೊಂಡು ಹೊರಟ. ಕಾಟಯ್ಯ ಬುಡಕ್ಕೆ ಮತ್ತೊಂದು ಕೊಡ ನೀರು ಹೊಯ್ದ. ಮಾರಿ ಸಾಗಿತು, ಗಂಡು ಬಂದ, ತಾಳಿ ಬಿತ್ತು. ವಾಡಿಕೆಯಂತೆ ಕಂಬ ಕಿತ್ತು ನೀರಿಗೆ ಬಿಡಲು ಹೋದರೆ ಬೇರು ಬಿಟ್ಟಿದ್ದ ಅದು ಜಗ್ಗಲಿಲ್ಲ.

ಆ ಮನೆ ಈಗಿಲ್ಲ. ಸುತ್ತಲ ಊರುಗಳ ಸೋದರಮಾವಂದಿರು ಹಾಲುಗಂಬಕ್ಕೆ ಇಲ್ಲಿಗೇ ಬರುತ್ತಾರೆ. ಒಂದು ಕೊಂಬೆ ಒಯ್ದರೆ ಇನ್ನೊಂದನ್ನು ನೆಟ್ಟು, ಚಿಗುರುವವರೆಗೆ ನೀರು ಹೊರುತ್ತಾರೆ. ಮದುವೆ ಬೊಮ್ಮಕ್ಕನದು, ದಿಣ್ಣೆಗೆ ಮಾವನ ಹೆಸರೇಕೆ ಎಂದು ನೋಡಬಂದವರು ಕೇಳುವುದುಂಟು. ಊರವರು ಆಕೆಯ ಹೆಸರನ್ನೇ ಇಡಲು ಹೊರಟಾಗ ಬೊಮ್ಮಕ್ಕ ಅಂದಳಂತೆ: "ನಾನು ಬರೀ ಕಾಯ್ದೆ. ನೀರು ಹೊತ್ತೋನು ಮಾವ."