ಬಡ್ಡಿಯಿಲ್ಲದ ಹತ್ತು ಹಿಡಿ

ಈ ಅಳಿಲು ಬಲು ಜಾಣೆ, ಸ್ವಾಮಿ. ಅದರ ಜಾಣತನದ್ದೇ ಕಥೆ ಇದು. ಮಳೆಗಾಲ ಹಿಡಿದುಕೊಂಡಿತ್ತು, ಪೊಟರೆಯಲ್ಲಿ ಮರಿಗಳು ಹಸಿದಿದ್ದವು. ಕಾಳು ಸಾಲ ತರದೆ ಬೇರೆ ದಾರಿಯಿರಲಿಲ್ಲ. ಆದರೂ ಅಳಿಲು ಸಿಕ್ಕಸಿಕ್ಕವರ ಮುಂದೆ ಕೈಯೊಡ್ಡಲಿಲ್ಲ. ಯಾರ ಬಡ್ಡಿ ಕಡಿಮೆ ಎಂದು ಎಲ್ಲ ಕಡೆ ವಿಚಾರಿಸಿತು.

ಮುಂಗುಸಿ, “ಒಂದು ಹಿಡಿಗೆ ಎರಡು ಹಿಡಿ” ಎಂದಿತು. ಹೆಗ್ಗಣ, “ನೀನು ಅಂತ ಒಂದೂವರೆ” ಎಂದಿತು. ಕರಡಿ ನಕ್ಕು, “ನಮ್ಮನಮ್ಮಲ್ಲಿ ಬಡ್ಡಿ ಯಾಕಮ್ಮ? ಸುಗ್ಗಿಯಲ್ಲಿ ಹಿಡಿಗೆ ಹಿಡಿ ಕೊಟ್ಟರೆ ಸಾಕು. ಬೇಕಾದಷ್ಟು ನೀನೇ ಅಳೆದುಕೋ” ಎಂದಿತು. ಅಳಿಲು ಹತ್ತು ಹಿಡಿ ಅಳೆದುಕೊಂಡಿತು.

ದಾರಿಯಲ್ಲಿ ಹೆಗ್ಗಣ ಕೇಳಿತು: “ತಿರುಗಿ ಕೊಡುವಾಗ ಯಾರ ಕೈಯ ಹಿಡಿ ಅಂತ ಕೇಳಿದೆಯೇನಮ್ಮ?”

“ಗಿರಾಕಿ ತಪ್ಪಿತು ಅಂತ ಹೊಟ್ಟೆಕಿಚ್ಚೇ ಭಾವ?” ಎಂದು ಅಳಿಲು ಬಾಲ ಕುಣಿಸುತ್ತ ಹೋಯಿತು.

ಸುಗ್ಗಿ ಬಂತು. ಕರಡಿ ಮರದಡಿ ನಿಂತು ಅಂಗೈ ಚಾಚಿತು. “ತುಂಬು. ಇದು ಮೊದಲನೆಯ ಹಿಡಿ.”

ಅಳಿಲು ಕೂಡಿಟ್ಟ ಕಾಳನ್ನೆಲ್ಲ ತಂದು ಸುರಿಯಿತು. ಅಂಗೈ ತುಂಬಲಿಲ್ಲ.

“ನಾನು ಅಳೆದದ್ದು ನನ್ನ ಕೈಯಲ್ಲಿ, ಮಾವ!”

“ತಗೊಂಡಾಗ ನಿನ್ನ ಕೈ, ಕೊಡುವಾಗ ನನ್ನ ಕೈ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.”

“ಇನ್ನು ಒಂದು ಕಾಳೂ ಇಲ್ಲ. ಮೇಲೆ ಇರುವುದು ಮರಿಗಳಷ್ಟೇ.”

ಕರಡಿ ಪೊಟರೆಯತ್ತ ಕತ್ತೆತ್ತಿತು. ಅಳಿಲು ತಡಮಾಡಲಿಲ್ಲ, ಅಂಗೈಗೆ ಹಾರಿ ಕಾಳಿನ ಮೇಲೆ ಕುಳಿತಿತು. “ಈಗ ತುಂಬಿತೇ ಮಾವ?”

“ತುಂಬಿತು” ಎಂದು ಕರಡಿ ಮುಷ್ಟಿ ಬಿಗಿಯಿತು. ಆಮೇಲೆ, “ಇನ್ನು ಒಂಬತ್ತು” ಎನ್ನುತ್ತ ಮರ ಹತ್ತತೊಡಗಿತು.