ದ್ಯಾವ ಅವ್ವನನ್ನು ಬೆಂಕಿಗುಡ್ಡದೂರಿಗೆ ಕರೆದೊಯ್ದದ್ದು

ಹೂಂಗುಟ್ಟಬೇಕು ನೋಡಿ. ಹೂಂಗುಟ್ಟದೆ ತೂಕಡಿಸಿದರೆ ಕತೆ ಅಲ್ಲಿಗೇ ಬಿಟ್ಟು ಎದ್ದು ಹೋಗೋಳು ನಾನು. ಆಮೇಲೆ ಕಾಲಿಗೆ ಬಿದ್ದರೂ ಹೇಳೋದಿಲ್ಲ.

ಒಂದೂರು. ಆ ಊರಲ್ಲಿ ಸಾಕಮ್ಮ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ದ್ಯಾವ. ಆಳು ನೋಡಿದರೆ ಆರಡಿ, ಬುದ್ಧಿ ಅಳೆದರೆ ಅರೆಪಾವೂ ಇಲ್ಲ. ಹಾಗಂತ ಅವ್ವನ ಮಾತು ಕೇಳದ ಮಗನಾ? ಅಯ್ಯೋ, ಕೇಳುತ್ತಿದ್ದ! ಅದೇ ಬಂತಲ್ಲ ಕಷ್ಟ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. "ಇವನ ತಲೇಲಿ ದೇವರು ಏನು ತುಂಬವ್ನೋ ಕಾಣೆ" ಅಂತ ಸಾಕಮ್ಮ ದಿನಾ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಈ ಸಾಕಮ್ಮನಿಗೆ ಒಬ್ಬಳು ಅಕ್ಕ, ಚೌಡಮ್ಮ. ಅವಳನ್ನು ಕೊಟ್ಟದ್ದು ಎಲ್ಲಿಗೆ? ಏಳು ರಾಜರು ಆಳಿದ ಹಳೇ ಪಟ್ಟಣಕ್ಕೆ. ಏಳು ಬಾಗಿಲ ಕೋಟೆ, ಕಲ್ಲು ಹಾಸಿದ ಬೀದಿ, ಎಲ್ಲಾ ಚೆಂದ. ಆದರೆ ಸುತ್ತ ಮೂರು ಬೆಂಕಿಗುಡ್ಡ. ಎರಡು ಯಾವತ್ತೋ ತಣ್ಣಗಾಗಿ ಮಲಗಿದ್ದವು. ಮೂರನೆಯದಕ್ಕೆ ಕೆಂಡಪ್ಪ ಅಂತ ಹೆಸರು. ಅವನು ಮಾತ್ರ ಹೊಗೆ ಉಗುಳುತ್ತಾ ಗುಡುಗುಡು ಅನ್ನುತ್ತಲೇ ಇದ್ದ. ಅವನ ಭಯಕ್ಕೆ ದಾರಿ ಮುಚ್ಚಿದ್ದರು. ಅಕ್ಕತಂಗಿ ಒಬ್ಬರ ಮುಖ ಒಬ್ಬರು ನೋಡಿ ಹತ್ತೊಂಬತ್ತು ವರ್ಷ ಆಗಿತ್ತು!

ಒಂದು ದಿನ ಅಕ್ಕ ಹೇಳಿ ಕಳಿಸಿದಳು. "ಸಾಕೀ, ಕೆಂಡಪ್ಪ ಈಗ ಸುಮ್ಮಗವ್ನೆ. ದಾರಿ ತೆಗ್ದವ್ರೆ. ಹೊರಗಿನೋರು ಬಂದು ಮೂರು ದಿನ ಇರಬೌದಂತೆ. ನನಗೂ ವಯಸ್ಸಾಯ್ತು ಕಣೇ, ಬಂದು ಮುಖ ತೋರಿಸಿ ಹೋಗು."

ಸಾಕಮ್ಮ ಅತ್ತಳು, ನಕ್ಕಳು, ಸೆರಗಲ್ಲಿ ಮೂಗೊರೆಸಿಕೊಂಡಳು. "ಲೇ ದ್ಯಾವ! ಗುರುವಾರ ಲಿಂಗಣ್ಣನ ಗಾಡಿ ಆ ಪಟ್ಟಣಕ್ಕೆ ಹೋಗ್ತದೆ. ಅದು ಬಿಟ್ಟರೆ ಬೇರೆ ಗಾಡಿ ಇಲ್ಲ. ನಮ್ಮಿಬ್ಬರಿಗೂ ಜಾಗ ಇಡು ಅಂತ ಹೇಳಿ ಬಾ. ಅತ್ತ ಇತ್ತ ತಿರುಗಬೇಡ. ನೆಟ್ಟಗೆ ಹೋಗಿ ನೆಟ್ಟಗೆ ಬಾ!"

"ಆಗ್ಲವ್ವ."

ನೆಟ್ಟಗೆ ಹೋದ. ಬೇಲಿ ಬಂತು, ಹಾರಿದ. ಪಕ್ಕದ ಜವರಮ್ಮನ ಮನೆ ಬಂತು. ಹಿತ್ತಿಲ ಬಾಗಿಲಿಂದ ಒಳಗೆ ನುಗ್ಗಿದ, ಮುದ್ದೆ ತೊಳಸುತ್ತಿದ್ದ ಜವರಮ್ಮನನ್ನು ದಾಟಿದ, ಉಣ್ಣುತ್ತಾ ಕೂತಿದ್ದ ಅವಳ ಗಂಡನ ತಟ್ಟೆ ಹಾರಿದ, ಮುಂಬಾಗಿಲಿಂದ ಹೊರಗೆ ಬಿದ್ದ. ಬರುವಾಗಲೂ ಹಾಗೇ!

ಜವರಮ್ಮ ಮುದ್ದೆ ಕೋಲು ಹಿಡಿದುಕೊಂಡೇ ಬಂದಳು. "ಏನೇ ಸಾಕಿ, ನಿನ್ನ ಮಗನಿಗೆ ನಮ್ಮ ಅಡಿಗೆಮನೆ ರಾಜಬೀದಿನಾ?"

"ಅಯ್ಯೋ ನನ್ನ ಹಣೆಬರಹವೇ!" ಅಂದಳು ಸಾಕಮ್ಮ. "ಲೋ, ಮನೆ ಕಂಡ ತಕ್ಷಣ ನುಗ್ಗಬಾರದು ಕಣೋ! ಬಾಗಿಲಲ್ಲಿ ನಿಂತು ಕೆಮ್ಮಬೇಕು. ಒಳಗಿನೋರು 'ಬಾಪ್ಪ' ಅಂದ ಮೇಲೆ ಹೊಸಿಲು ದಾಟಬೇಕು!"

"ಆಗ್ಲವ್ವ."

ಮಾರನೇ ದಿನ ದಾರಿಬುತ್ತಿಗೆ ಹುರಿಹಿಟ್ಟು ಬೇಕಾಯಿತು. ಮೇಲಿನ ಕೇರಿಯಿಂದ ಒಂದು ಕುಕ್ಕೆ ಹಿಟ್ಟು ತಾ ಅಂತ ಕಳಿಸಿದಳು. ತಂದ. ಹೊತ್ತುಕೊಂಡು ಬರುವಾಗ ಮಳೆ ಹಿಡಿಯಿತು. ತಮ್ಮದೇ ಮನೆ, ತಮ್ಮದೇ ಬಾಗಿಲು, ಬಾಗಿಲೂ ತೆರೆದೇ ಇದೆ. ದ್ಯಾವ ನಿಂತ. ಕೆಮ್ಮಿದ. ಒಳಗೆ ಸಾಕಮ್ಮ ನಿದ್ದೆ ಹೊಡೀತಿದ್ದಾಳೆ, 'ಬಾಪ್ಪ' ಅನ್ನೋರು ಯಾರು? ಮಳೆ ಸುರೀತು, ಇವನು ಕೆಮ್ಮಿದ. ಮಳೆ ಜಡೀತು, ಇವನು ಇನ್ನೂ ಕೆಮ್ಮಿದ. ಸಾಕಮ್ಮ ಎದ್ದು ಬಂದು ನೋಡುತ್ತಾಳೆ, ಹುರಿಹಿಟ್ಟೆಲ್ಲಾ ಅಂಬಲಿಯಾಗಿ ಮಗನ ಮೂಗಿನ ಮೇಲೆ ಇಳೀತಾ ಇದೆ.

"ನಮ್ಮನೆ ಬಾಗಿಲಲ್ಲಿ ನಿಂತು ಯಾಕ್ಲಾ ಕೆಮ್ತೀಯಾ!"

"ನೀನು ಬಾಪ್ಪ ಅನ್ನಲಿಲ್ಲವಲ್ಲವ್ವ."

"ನಿನ್ನ ಕೆಮ್ಮಿಗೆ ಬೆಂಕಿ ಹಾಕ! ನೆಂದದ್ದನ್ನ ತಲೆ ಮೇಲೆ ಇಟ್ಕೊಂಡು ನಿಂತರೆ ಹಳಸೋಗ್ತದೆ ಕಣೋ! ನೆಂದದ್ದು ಏನೇ ಇರಲಿ, ಬಿಸಿಲಲ್ಲಿ ಬಂಡೆ ಮೇಲೆ ಹರಡಬೇಕು!"

"ಆಗ್ಲವ್ವ."

ಚೌಡಮ್ಮನಿಗೆ ಎಮ್ಮೆ ಬೆಣ್ಣೆ ಅಂದರೆ ಪ್ರಾಣ. ಬರಿಗೈಯಲ್ಲಿ ಹೋಗೋದಕ್ಕಾಗುತ್ತಾ ಅಕ್ಕನ ಮನೆಗೆ? ಗೌಡರ ಹಟ್ಟಿಯಿಂದ ಬೆಣ್ಣೆ ತರೋಕೆ ದ್ಯಾವನನ್ನೇ ಅಟ್ಟಿದಳು. ಬೇರೆ ಯಾರಿದ್ದಾರೆ ಪಾಪ ಅವಳಿಗೆ? ಗೌಡಗಿತ್ತಿ ಬೆಣ್ಣೆ ಕರಗದಿರಲಿ ಅಂತ ನೀರಿನ ಕುಡಿಕೆಯಲ್ಲಿ ತೇಲಿಬಿಟ್ಟು ಕೊಟ್ಟಳು. ದ್ಯಾವ ದಾರೀಲಿ ಇಣುಕಿ ನೋಡಿದ. "ಅಯ್ಯೋ! ಪೂರ್ತಿ ನೆಂದೋಗ್ಬಿಟ್ಟದಲ್ಲಾ!" ಅಂದ. ಮಟಮಟ ಮಧ್ಯಾಹ್ನ. ಬಂಡೆ ಮೇಲೆ ಬೆಣ್ಣೆಯನ್ನು ಚೆನ್ನಾಗಿ ಹರಡಿದ. ಕಾಗೆ ಬಾರದಿರಲಿ ಅಂತ ಪಕ್ಕದಲ್ಲೇ ಕೂತು ಕಾದ. ಕಾಗೆ ಬರಲಿಲ್ಲ, ನಾಯಿ ಬಂತು. ನಾಯಿಗೆ ಏನಾದರೂ ಹೇಳು ಅಂತ ಅವ್ವ ಹೇಳಿರಲಿಲ್ಲ.

ಸಾಯಂಕಾಲ ಬರೀ ಕುಡಿಕೆ ಮನೆಗೆ ಬಂತು. "ಅವ್ವ, ಒಣಗಿಸಿದೆ. ಎಷ್ಟು ಚೆನ್ನಾಗಿ ಒಣಗ್ತು ಅಂದ್ರೆ, ಏನೂ ಉಳೀಲಿಲ್ಲ!"

ಸಾಕಮ್ಮನಿಗೆ ಬೈದು ಬೈದು ಗಂಟಲು ಕಟ್ಟಿತು. "ಸಾಕಪ್ಪ ಸಾಕು! ನಿನ್ನ ಬುದ್ಧಿ ಓಡಿಸ್ಬೇಡ. ಇನ್ಮೇಲೆ ನಾನು ಏನು ಹೇಳ್ತೀನೋ, ಯಾರು ಕೇಳಿದರೂ ಅಷ್ಟೇ ಹೇಳು. ಒಂದಕ್ಷರ ಹೆಚ್ಚುಕಮ್ಮಿ ಆಗಕೂಡದು!"

"ಆಗ್ಲವ್ವ."

ಬುಧವಾರ ಜೋಯಿಸರು ಬಂದರು, ಪಂಚಾಂಗ ಬಿಡಿಸಿದರು, ಮುಖ ಕಿವುಚಿದರು. "ಗುರುವಾರ ಹೊರಡೋಕೆ ಗಳಿಗೆ ಸರಿ ಇಲ್ಲ ಸಾಕಮ್ಮ. ಇವತ್ತು ಸಂಜೆ ಬಲು ಚೆನ್ನಾಗಿದೆ." ಗಾಡಿ ಇರೋದು ಗುರುವಾರ, ಗಳಿಗೆ ಇರೋದು ಬುಧವಾರ! ಆದರೆ ನಮ್ಮ ಹಿರೀಕರು ಇದಕ್ಕೂ ದಾರಿ ಮಾಡಿಟ್ಟು ಹೋಗವ್ರೆ, ನಿಮಗೆ ಗೊತ್ತಲ್ಲ. ಒಳ್ಳೆ ಗಳಿಗೇಲಿ ಬಟ್ಟೆಗಂಟನ್ನು ಪಕ್ಕದ ಮನೇಲಿ ಇಟ್ಟು ಬಂದರಾಯಿತು, ಹೊರಟಂತೆಯೇ ಲೆಕ್ಕ. ಆಮೇಲೆ ಯಾವಾಗ ಹೋದರೂ ದೋಷ ಇಲ್ಲ. ಸಾಕಮ್ಮ ಗಂಟು ಕಟ್ಟಿ ಜವರಮ್ಮನ ಮನೇಲಿ ಇಟ್ಟು ಬಂದಳು. ಮಗನನ್ನು ಕರೆದು ಹೇಳಿದಳು, "ಗಂಟು ಹೋಯ್ತು ಕಣೋ. ಅಲ್ಲಿಗೆ ನಾವು ಹೊರಟಂಗೇ. ತಿಳೀತಾ? ಬುಧವಾರ ಸಂಜೇನೇ ಹೊರಟ್ವಿ."

ಗುರುವಾರ ಬೆಳಿಗ್ಗೆ ಸಾಕಮ್ಮ ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಳೆ. ಬಾಗಿಲಿಗೆ ಗಾಡಿ ಬಂತು.

"ಸಾಕಕ್ಕಾ! ಹೊರಡೋಣವಾ?" ಲಿಂಗಣ್ಣ ಕೂಗಿದ.

ದ್ಯಾವ ಜಗಲಿ ಮೇಲಿಂದ ಹೇಳಿದ, "ನಾವು ನಿನ್ನೆ ಸಂಜೇನೇ ಹೊರಟ್ವಲ್ಲ ಲಿಂಗಣ್ಣ!"

"ನಿನ್ನೇನಾ? ಯಾವ ಗಾಡೀಲೋ?"

"ಅದು ಗೊತ್ತಿಲ್ಲ. ಹೊರಟಿದ್ದಂತೂ ನಿಜ."

"ಮತ್ತೆ ನೀನ್ಯಾಕೆ ಇಲ್ಲೇ ಕುಂತಿದ್ದೀಯ?"

"ನಾನೂ ಹೊರಟೆ ಕಣಣ್ಣ."

ಇವನ ಕೂಡ ವಾದ ಮಾಡೋರು ಯಾರು? ಲಿಂಗಣ್ಣ ತಲೆ ಕೆರೆದುಕೊಂಡು ಎತ್ತಿನ ಬಾಲ ಮುರಿದ. ಗಾಡಿ ಹೋಯಿತು.

ಸಾಕಮ್ಮ ಒದ್ದೆ ಕೂದಲಲ್ಲಿ, ಮಡಿಕೆ ಬಿಚ್ಚಿದ ಸೀರೆ ಉಟ್ಟು ಹೊರಗೆ ಬಂದರೆ ಗಾಡಿ ಎಲ್ಲಿ? ನಡೆದದ್ದು ಕೇಳಿ ಅವಳು ಬೈಯಲಿಲ್ಲ. ಹೊಸಿಲ ಮೇಲೆ ಕುಸಿದು ಕೂತಳು. "ಅಕ್ಕಾ! ಹತ್ತೊಂಬತ್ತು ವರ್ಷ ಕಾದೆನಲ್ಲೇ ಅಕ್ಕಾ! ಇನ್ನು ನಿನ್ನ ಮುಖ ನನಗೆಲ್ಲಿ!" ಅಂತ ಎದೆ ಒಡೆದು ಅತ್ತಳು. ದ್ಯಾವನಿಗೂ ಅಳು ಬಂತು. ಯಾಕೆ ಅಂತ ಮಾತ್ರ ಅವನಿಗೆ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಕೆರೆ ಕಡೆಯಿಂದ ಗಂಟೆ ಸದ್ದು. ಲಿಂಗಣ್ಣ ಎತ್ತಿಗೆ ನೀರು ಕುಡಿಸುತ್ತಿದ್ದ! ಸಾಕಮ್ಮ ಕೂದಲು ಬಿಚ್ಚಿಕೊಂಡೇ ಓಡಿದಳು, ಹಿಂದೆ ದ್ಯಾವ ಓಡಿದ, ಅವನ ಹಿಂದೆ ಜವರಮ್ಮ ಗಂಟು ಹೊತ್ತು, "ನಿನ್ನ ಗಂಟು ಕಣೇ, ನಿನ್ನ ಗಂಟು!" ಅಂತ ಓಡಿದಳು. ಅಂತೂ ಗಾಡಿ ಸಿಕ್ಕಿತು.

ಗಾಡೀಲಿ ಕೂತ ಮೇಲೆ ಮಗನ ಕಿವಿ ಹಿಂಡಿದಳು. "ಇನ್ಮೇಲೆ ನನ್ನನ್ನ ಯಾರೇ ಬಂದು ಕೂಗಲಿ, ಅಟ್ಟಬೇಡ! 'ಅವ್ವ ಒಳಗವ್ಳೆ, ಬರ್ತಾಳೆ, ಒಸಿ ತಡ್ಕೊಳಿ' ಅನ್ನು. ನೀರು ಬೆಲ್ಲ ಕೊಡು. ಕೂರ್ಸು!"

"ಆಗ್ಲವ್ವ."

ಪಟ್ಟಣ ಸೇರಿದರು. ಅಕ್ಕತಂಗಿ ತಬ್ಬಿಕೊಂಡು ಅತ್ತದ್ದನ್ನು ನಾನು ಹೇಳೋದಿಲ್ಲ, ಹೇಳಿದರೆ ನನಗೂ ಅಳು ಬರುತ್ತೆ. ಸಂಜೆ ಇಬ್ಬರೂ ನಡುಮನೇಲಿ ಬೀಸೋಕಲ್ಲಿನ ಮುಂದೆ ಕೂತರು. ಇವಳು ಒಂದು ಸುತ್ತು ತಿರುಗಿಸಿದರೆ ಅವಳದು ಒಂದು ಮಾತು. ಹತ್ತೊಂಬತ್ತು ವರ್ಷದ ಮಾತು, ಬೇಗ ಮುಗಿಯುತ್ತಾ?

ಚೌಡಮ್ಮ ದ್ಯಾವನಿಗೆ ಅಂದಿದ್ದಳು, "ಮಾಳಿಗೆ ಮೇಲೆ ಕೂತು ಕೆಂಡಪ್ಪನ ಕಡೆ ನೋಡ್ತಿರು ಮಗ. ಅವನು ಕೂಗಿದ ಅಂದರೆ ಎಲ್ಲರೂ ಊರು ಬಿಡಬೇಕು."

ದ್ಯಾವ ಕೂತ. ನೋಡಿದ. ಕೆಂಡಪ್ಪ ಕೂಗಿದ! ಗುಡುಗುಡುಗುಡು! ಪಾತ್ರೆ ನಡುಗಿದವು. ಬೀಸೋಕಲ್ಲಿನ ಸದ್ದಲ್ಲಿ ಒಳಗಿನೋರಿಗೆ ಏನೂ ಕೇಳಲಿಲ್ಲ. ಊರೆಲ್ಲಾ ಮಕ್ಕಳು ಮರಿ ಎತ್ತಿಕೊಂಡು ಏಳು ಬಾಗಿಲಲ್ಲೂ ಓಡಿತು. ದ್ಯಾವ ಎದ್ದು ನಿಂತ. ಬಾಯಿಗೆ ಕೈ ಅಡ್ಡ ಇಟ್ಟು ಕೂಗಿದ:

"ಕೆಂಡಪ್ಪಣ್ಣೋ! ಅವ್ವ ಒಳಗವ್ಳೆ! ಬರ್ತಾಳೆ! ಒಸಿ ತಡ್ಕೋ!"

ಒಂದು ಚೊಂಬು ನೀರು, ಒಂದು ಅಚ್ಚು ಬೆಲ್ಲ ತಂದು ಗುಡ್ಡಕ್ಕೆ ಕಾಣುವ ಹಾಗೆ ಗೋಡೆ ಮೇಲಿಟ್ಟ. "ಕೂತ್ಕೊಳಣ್ಣ" ಅಂದ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಕೆಂಡಪ್ಪ ಸುಮ್ಮನಾದ.

ಬೆಳಿಗ್ಗೆ ಊರಿನವರು ನಾಚಿಕೊಂಡು ವಾಪಸ್ಸು ಬಂದರು. "ಏನ್ ಗುಂಡಿಗೆ ಚೌಡಮ್ಮ ನಿಮ್ಮದು!" ಅಂದಾಗಲೇ ಅಕ್ಕತಂಗಿಗೆ ವಿಷಯ ಗೊತ್ತಾದದ್ದು. ಸಾಕಮ್ಮ ಪೊರಕೆ ಎತ್ತಿದಳು. "ನಮ್ಮನ್ನ ಸುಟ್ಟು ಬೂದಿ ಮಾಡ್ತಿದ್ದೆಯಲ್ಲೋ!" ಚೌಡಮ್ಮ ಅವಳ ಕೈ ಹಿಡಿದಳು. "ಬಿಡೇ ಸಾಕಿ. ಇವನು ಕರೆದಿದ್ದರೆ ನಮ್ಮ ಮಾತು ಅರ್ಧಕ್ಕೇ ನಿಲ್ತಿತ್ತು." ಪೊರಕೆ ಕೆಳಗಿಳಿಯಿತು.

ಮೂರು ದಿನ ಮೂರು ಗಳಿಗೆ ಥರ ಹೋಯಿತು. ಬಾಗಿಲಿಗೆ ಗಾಡಿ ಬಂದು ನಿಂತಿತು. ಸಾಕಮ್ಮ ಹೊಸಿಲಲ್ಲಿ ಅಕ್ಕನ ಕೈ ಹಿಡಿದವಳು ಬಿಡಲೊಲ್ಲಳು. "ನೀನೂ ಬಂದುಬಿಡೇ ಅಕ್ಕ."

"ಈ ಮನೆ ಬಿಟ್ಟು ಹೆಂಗೆ ಬರ್ಲೇ? ಹೋಗು, ಹೊತ್ತಾಯ್ತು."

ಸಾಕಮ್ಮ ಕಣ್ಣೊರೆಸಿಕೊಂಡಳು. ಬೀದೀಲಿ ಲಿಂಗಣ್ಣ ಕಾದು ಕಾದು ಸಾಕಾಗಿ ಆಕಳಿಸುತ್ತಿದ್ದ. "ಲೇ ದ್ಯಾವ, ಪಾಪ ಅವನು ಎಷ್ಟು ಹೊತ್ತಿಂದ ಕಾಯ್ತಾವ್ನೆ! ಹೋಗಿ ಹೇಳು, ಅವ್ವ ಬಂದ್ಲು, ಮಾತು ಮುಗೀತು, ಇನ್ನು ಹೊರಡು ಅಂತ."

"ಆಗ್ಲವ್ವ."

ಬೀದಿಗೆ ಹೋಗಬೇಕಾದವನು ದಡದಡ ಮಾಳಿಗೆ ಹತ್ತಿದ. ಮೂರು ದಿನದಿಂದ ಕಾಯ್ತಿರೋನು ಲಿಂಗಣ್ಣನಾ? ಅಲ್ಲವಲ್ಲ! ಬಾಯಿಗೆ ಕೈ ಅಡ್ಡ ಇಟ್ಟ.

"ಕೆಂಡಪ್ಪಣ್ಣೋ! ಅವ್ವ ಬಂದ್ಲು! ಮಾತು ಮುಗೀತು! ಇನ್ನು ನೀನು ಹೊರಡಣ್ಣ!"

ಗುಡುಗುಡುಗುಡು ಢಂ!

ಬೂದಿ ಎದ್ದಿತು, ಹೊಗೆ ಎದ್ದಿತು, ಊರೆಲ್ಲಾ ಎದ್ದು ಓಡಿತು. ಗಾಡಿಗೆ ಹತ್ತಿದವರು ಹತ್ತಿದ ಹಾಗೇ ಎತ್ತುಗಳು ಬಾಲ ಎತ್ತಿಕೊಂಡು ಓಟ ಕಿತ್ತವು. ಯಾರಿಗೂ ಏನೂ ಆಗಲಿಲ್ಲ ಬಿಡಿ. ಕೋಟೆ ಬಾಗಿಲು ದಾಟಿ ಒಂದು ಹರದಾರಿ ಬಂದ ಮೇಲೆ ಸಾಕಮ್ಮ ಕಣ್ಣು ಬಿಟ್ಟಳು. ಮಗನನ್ನು ಬೈಯಲು ಬಾಯಿ ತೆಗೆದಳು. ಪಕ್ಕಕ್ಕೆ ನೋಡಿದಳು. ಭಯಕ್ಕೆ ಗಾಡಿ ಹತ್ತಿದ್ದ ಚೌಡಮ್ಮ, ಕೈಯಲ್ಲಿ ಬೀಸೋಕಲ್ಲಿನ ಹಿಡಿಗೂಟ ಹಿಡಿದುಕೊಂಡು, ತಂಗಿಗೆ ಆತುಕೊಂಡು ಕೂತಿದ್ದಳು. ಸಾಕಮ್ಮ ತೆಗೆದ ಬಾಯಿ ಮುಚ್ಚಿ ಅಕ್ಕನನ್ನು ಇನ್ನೊಂದಿಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ಗಾಡಿ ಹಿಂದೆ ಕಾಲು ಇಳಿಬಿಟ್ಟು ಕೂತಿದ್ದ ದ್ಯಾವ ಗುಡ್ಡಕ್ಕೆ ಕೈ ಬೀಸುತ್ತಿದ್ದ. "ಹೋಗಿ ಬರ್ತೀವಿ ಕೆಂಡಪ್ಪಣ್ಣೋ! ನೀನೂ ಒಂದ್ಸಲ ನಮ್ಮೂರ ಕಡೆ ಬಾ!"