ಬಾವಿಗೆ ಕಾವಲಿದ್ದ ಆಮೆ

ಆಮೆಯಿದ್ದ ಬಾವಿಯ ನೀರು ಕೆಡುವುದಿಲ್ಲವೆಂದು ನಂಬಿ ಊರಿನವರು ಕುಡಿಯುವ ನೀರಿನ ಬಾವಿಗೆ ಒಂದು ಆಮೆಯನ್ನು ತಂದು ಬಿಟ್ಟಿದ್ದರು. ಅದು ಪಾಚಿ ತಿಂದು, ಹುಳ ಹಿಡಿದು, ಹೆಮ್ಮೆಯಿಂದ ಕಾವಲಿತ್ತು. ಒಂದು ಬೆಳಿಗ್ಗೆ ನೀರು ಸೇದಲು ಬಂದ ಹೆಂಗಸರು, ಪುಡಿಹಾಲು ಕುಡಿದ ಎಳೆಗೂಸೊಂದರ ತುಟಿ ನೀಲಿಗಟ್ಟಿತೆಂದೂ, ದೃಷ್ಟಿ ತಾಗಿರಬೇಕೆಂದೂ ಮಾತಾಡಿಕೊಂಡರು. ಆ ಮಾತು ಆಮೆಯ ಕಿವಿಗೆ ಬಿತ್ತು. ಹಾಲು ಕಲಸಿದ್ದು ಇದೇ ನೀರಿನಲ್ಲಲ್ಲವೆ? ಅದು ಗೋಡೆಯಲ್ಲಿ ಜಿನುಗುವ ಸೆಲೆಯ ಬಳಿಗೆ ಈಜಿತು.

“ಸೆಲೆಯವ್ವಾ, ಯಾರ ಹೊಲಸನ್ನು ಹೊತ್ತು ತರುತ್ತಿದ್ದೀಯೆ?”

“ಬರುವ ದಾರಿಯಲ್ಲಿ ನಾನೂ ಕೇಳಿದೆನಪ್ಪಾ. ತಿಪ್ಪೆಯನ್ನು ಕೇಳಿದರೆ ಅದು ಯೂರಿಯಾ ಗೊಬ್ಬರ ಸುರಿದ ಹೊಲವನ್ನು ತೋರಿಸಿತು. ಹೊಲ ಪಾಯಿಖಾನೆಯ ಗುಂಡಿಯನ್ನು ತೋರಿಸಿತು. ಗುಂಡಿ ತಿಪ್ಪೆಯನ್ನೇ ತೋರಿಸಿತು. ಹೊಲಸು ಕೊಟ್ಟವರು ಮೂವರೂ ಹೌದು. ಮೂರರಿಂದಲೂ ಇಳಿದ ನೈಟ್ರೇಟೆಂಬ ಉಪ್ಪು ಎಳೆಗೂಸಿನ ರಕ್ತ ಕೆಡಿಸಿ ತುಟಿ ನೀಲಿಗಟ್ಟಿಸುತ್ತದೆ.”

“ನನ್ನ ಕಣ್ಣಿಗೆ ಏನೂ ಬೀಳಲಿಲ್ಲವಲ್ಲ?”

“ಕರಗಿದ್ದು ಕಣ್ಣಿಗೆ ಬೀಳದು, ನಾಲಿಗೆಗೂ ತಿಳಿಯದು. ಆಮೆ ಇದೆಯಲ್ಲ ಎಂದು ಜನ ನಿಶ್ಚಿಂತೆಯಿಂದ ಕುಡಿಯುತ್ತಾರೆ.”

ಅಷ್ಟರಲ್ಲಿ, ತನ್ನ ಕೂಸಿನ ಹಾಲಿಗೆ ನೀರು ಒಯ್ಯಲು ಬಂದ ಇನ್ನೊಬ್ಬ ಬಾಣಂತಿ ಹೊನ್ನವ್ವನ ಬಕೀಟು ಇಳಿಯಿತು. ಆಮೆ ತಡಮಾಡದೆ ಅದರೊಳಗೆ ನುಗ್ಗಿ ಮೇಲೆ ಬಂತು.

“ನೀನೇ ಎದ್ದು ಬಂದರೆ ನೀರು ಕಾಯುವವರು ಯಾರಪ್ಪಾ?” ಎಂದು ಹೊನ್ನವ್ವ ಅದನ್ನು ಬಾವಿಗೆ ಬಿಟ್ಟಳು.

ಎರಡನೆಯ ಸಲವೂ ಬಂತು, ಮತ್ತೆ ಬಿಟ್ಟಳು. ಮೂರನೆಯ ಸಲವೂ ಬಂದಾಗ ಅವಳು ಅದನ್ನು ಬಿಡಲಿಲ್ಲ. ತಿಳಿಯಾದ ನೀರನ್ನೂ ಆಮೆಯನ್ನೂ ನೋಡಿ, “ನೀರು ಕಾಯುವವನೇ ಒಲ್ಲದ ನೀರನ್ನು ಕೂಸಿಗೆ ಹೇಗೆ ಕೊಡಲಿ?” ಎಂದುಕೊಂಡಳು. ಆಮೇಲೆ ಆಮೆಯನ್ನು ಕಟ್ಟೆಯ ಮೇಲಿಟ್ಟು, ನೀರನ್ನು ಚೆಲ್ಲಿದಳು.